ಹುಕ್ಕಾ ಡಬ್ಬಿ ಮೇಲಿನ ಬಡಾಯಿ, ನಂಬೋಕ್ ಮುಂಚೆ ಚೆಕ್ ಮಾಡೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹುಕ್ಕಾ ಮಾರೋದು, ಸೇದೋದು, ಸ್ಟಾಕ್ ಇಡೋದು, ಅಡ್ವರ್ಟೈಸ್ ಮಾಡೋದು ಎಲ್ಲಾ ಬಂದ್, ನಿಕೋಟಿನ್ ಇಲ್ಲ ಅನ್ನೋ ಹರ್ಬಲ್ಲೂ ಸೇರಿ. ಹಂಗಾಗಿ ಮೈಸೂರಲ್ಲಿ ಎಲ್ಲಿ ಸಿಗುತ್ತೆ ಗುರು ಅಂತ ಮಾತ್ರ ಕೇಳ್ಬೇಡಿ. ನಂದೇ ಒಂದು ಹುಕ್ಕಾದ ಗಾಜಿನ ಬೇಸಲ್ಲಿ ಈಗ ನನ್ ಹೆಂಡ್ತಿ ಮನಿ ಪ್ಲಾಂಟ್ ಬೆಳೆಸ್ತಿದ್ದಾಳೆ, ಸಖತ್ತಾಗಿ ಬಂದಿದೆ.

ಮತ್ತೆ ಯಾಕೆ ಬರೀತಿದೀನಿ ಅಂದ್ರೆ ನಮ್ಮ ಚಿಕ್ಕಪ್ಪನ ಮಗ ದುಬೈಲಿದಾನೆ, ಅಲ್ಲಿ ಅಂಗಡೀಲೇ ಸಿಗುತ್ತೆ, ತಿಂಗಳಿಗೊಂದ್ಸಲ ಒಂದು ಡಬ್ಬಿ ಫೋಟೋ ಕಳ್ಸಿ "ಅಣ್ಣಾ ಇದು ನಿಜಾನಾ" ಅಂತಾನೆ. ನಾನೂ ಕುವೆಂಪುನಗರದ ಇಬ್ರು ಫ್ರೆಂಡ್ಸೂ ಎಂಟು ವರ್ಷ ಇದೇ ಹುಚ್ಚಲ್ಲಿದ್ವಿ, ಕಂಪನಿಗಳು ಹಾರಿಸೋ ಕಾಗೆ ಎಲ್ಲಾ ನೋಡಿದೀವಿ. ಅವನಿಗೆ ಹೇಳಿದ್ದನ್ನೇ ಇಲ್ಲಿ ಹಾಕ್ತಿದೀನಿ.

ಪಿರಿಯಾಪಟ್ಟಣದಲ್ಲಿ ನಮ್ಮ ದೊಡ್ಡಪ್ಪ ಹೊಗೆಸೊಪ್ಪು ಬೆಳೀತಾರೆ, ಸೊಪ್ಪು ಹದ ಮಾಡೋ ಬ್ಯಾರನ್ ಇದೆ. ಅವ್ರ ಮಾತು ಒಂದೇ, "ಬಾಯಲ್ಲಿ ಹೇಳದ್ ಕೇಳ್ಬ್ಯಾಡ ಕಣ್ಲಾ, ಎಲೆ ಕೈಗೆತ್ಕಂಡು ಮಡ್ಚಿ ನೋಡು." ಡಬ್ಬಿಗೂ ಅಷ್ಟೇ. ನಂಬರ್ ಕಂಡ ತಕ್ಷಣ ಕೇಳ್ಬೇಕಾಗಿರೋದು, ಇದು ಯಾವುದರಲ್ಲಿ ಇಷ್ಟು, ಸುಡೋಕ್ ಮುಂಚೆ ಅಳೆದಿದ್ದಾ ಸುಟ್ಟ ಮೇಲಾ?

ಉದಾಹರಣೆಗೆ ಶೀಶಾ, ಅಂದ್ರೆ ಹುಕ್ಕಾಗೆ ತುಂಬೋ ಪಾಕ ಹಾಕಿದ ಹೊಗೆಸೊಪ್ಪು, ಅದರ ಡಬ್ಬಿ ಮೇಲೆ "ನಿಕೋಟಿನ್ 0.05%, ಟಾರ್ 0%" ಅಂತಿರುತ್ತೆ. ಕ್ಯಾಲ್ಕುಲೇಟರ್ ತಗೊಳ್ಳಿ. ಒಂದು ಬೌಲಿಗೆ (ಕೆಂಡದ ಕೆಳಗೆ ಸೊಪ್ಪು ತುಂಬೋ ಬಟ್ಟಲು) 20 ಗ್ರಾಂ ತುಂಬಿದ್ರೆ ಅದರ 0.05% ಅಂದ್ರೆ 10 ಮಿಲಿಗ್ರಾಂ, ಹೆಚ್ಚೂ ಕಮ್ಮಿ ಒಂದು ಸಿಗರೇಟಿನ ಸೊಪ್ಪಲ್ಲಿ ಇರೋ ಅಷ್ಟೇ ನಿಕೋಟಿನ್. ಅದೇ 0.5% ಇದ್ರೆ 100 ಮಿಲಿಗ್ರಾಂ. ಪಾಯಿಂಟ್ ಆದ್ಮೇಲೆ ಒಂದು ಸೊನ್ನೆ ಇದೆಯಾ ಇಲ್ವಾ ಅನ್ನೋದನ್ನ ಕನ್ನಡಕ ಹಾಕ್ಕೊಂಡು ನೋಡಿ. ಇನ್ನು ಟಾರ್ ಸೊನ್ನೆ ಅನ್ನೋದು ಸುಳ್ಳಲ್ಲ, ಅದೇ ತಮಾಷೆ. ಟಾರ್ ಅಂದ್ರೆ ಹೊಗೇಲಿರೋ ಅಂಟಂಟು ಕೊಳೆ, ಅದು ಹುಟ್ಟೋದೇ ಬಿಸಿ ಮಾಡಿದಾಗ, ಡಬ್ಬಿ ಒಳಗೆ ಎಲ್ಲಿಂದ ಬರ್ಬೇಕು? ಸೌದೇಲಿ ಬೂದಿ ಇಲ್ಲ ಅಂತ ಬೋರ್ಡ್ ಹಾಕ್ದಂಗೆ.

"ಪ್ಯೂರ್ ಕೇನ್ ಮೊಲಾಸಸ್" ಅಂತ ಚಿನ್ನದ ಅಕ್ಷರದಲ್ಲಿ ಬರ್ದಿದ್ರೆ ನನ್ನ ಮಂಡ್ಯದ ಫ್ರೆಂಡ್ ಬಿದ್ದು ಬಿದ್ದು ನಗ್ತಾನೆ. ಅವ್ನು ಆಲೆಮನೆ ಪಕ್ಕ ಬೆಳ್ದೋನು, ಮೊಲಾಸಸ್ ಅಂದ್ರೆ ಕಾಕಂಬಿ ಗುರು, ಸಕ್ಕರೆ ತೆಗೆದ್ಮೇಲೆ ಉಳಿಯೋದು, ಮೈಷುಗರ್ ಫ್ಯಾಕ್ಟ್ರಿ ಶುರುವಾದ 1933ರಿಂದ ನಮ್ಮೂರೋರು ನೋಡ್ತಿರೋದೇ ಅದು, ಇದನ್ನೇನು ರಾಜಭೋಗ ಅಂತ ಮಾರ್ತಾರೆ ಅಂತಾನೆ. ಶೀಶಾಗೆ ಅದು ಬೇಕೇ ಬೇಕು, ಹಾಕೋದ್ರಲ್ಲಿ ತಪ್ಪಿಲ್ಲ, ಮೆರೆಯೋಕೆ ಅದ್ರಲ್ಲಿ ಏನೂ ಇಲ್ಲ ಅಷ್ಟೇ. "ದಟ್ಟ ಹೊಗೆ ಗ್ಯಾರಂಟಿ" ಅನ್ನೋದೂ ಹಂಗೇ, ಅದು ಗ್ಲಿಸರಿನ್ ಕೆಲ್ಸ, ಜಾಸ್ತಿ ಹಾಕಿದ್ರೆ ಮೋಡ ದಪ್ಪ ಬರುತ್ತೆ, ಸೊಪ್ಪಿನ ಕ್ವಾಲಿಟಿಗೂ ಅದಕ್ಕೂ ಸಂಬಂಧ ಇಲ್ಲ. ಡಬಲ್ ಆಪಲ್ ಅನ್ನೋ ಫ್ಲೇವರ್‌ಗೆ "ನಿಜವಾದ ಸೇಬಿನ ರುಚಿ" ಅಂತ ಹಾಕಿದ್ರಂತೂ ಆ ಕಂಪನಿನೇ ಬಿಟ್ಬಿಡಿ, ಸೇದಿರೋ ಯಾರಿಗಾದ್ರೂ ಗೊತ್ತು ಅದ್ರಲ್ಲಿ ಮುಂದೆ ನಿಲ್ಲೋದು ಸೋಂಪು.

ಸ್ಟೆಮ್ಮು, ಅಂದ್ರೆ ಹುಕ್ಕಾದ ಉದ್ದ ಲೋಹದ ಕೊಳವೆ, ಸ್ಟೇನ್‌ಲೆಸ್ ಸ್ಟೀಲ್ ಅಂತ ತೋರ್ಸೋಕೆ ಅಂಗಡಿಯವ್ರು ಮ್ಯಾಗ್ನೆಟ್ ಇಟ್ಟು "ನೋಡಿ ಅಂಟಲ್ಲ" ಅಂತಾರೆ. ಸ್ಟೀಲಲ್ಲಿ ಒಳ್ಳೇ 304 ಗ್ರೇಡೂ ಅಂಟಲ್ಲ, ಅಗ್ಗದ 202ನೂ ಅಂಟಲ್ಲ, ಹಿತ್ತಾಳೆನೂ ಅಂಟಲ್ಲ. ಅಂಟಿದ್ರೆ ಡೌಟ್ ಪಡಿ, ಅಂಟ್ಲಿಲ್ಲ ಅಂತ ಖುಷಿ ಪಡ್ಬೇಡಿ. ವಿ2ಎ ಅಂತ ಜರ್ಮನ್ ಹೆಸರು ನೋಡಿ ಮರುಳಾಗೋದೂ ಬೇಡ, ಅದು ಇದೇ 304ರ ಜಾತಿ, ನಿಮ್ಮನೆ ಒಳ್ಳೇ ಸ್ಟೀಲ್ ಪಾತ್ರೆ ಇರೋದೂ ಸಾಮಾನ್ಯವಾಗಿ ಅದ್ರಲ್ಲೇ. ನಾನಂತೂ ಸ್ಟೆಮ್ಮಿನ ಒಳಗೆ ಟಾರ್ಚ್ ಬಿಟ್ಟು ವೆಲ್ಡಿಂಗ್ ಜಾಗ ನೋಡ್ತಿದ್ದೆ, ಹೊರಗೆ ಕನ್ನಡಿ ಥರ ಪಾಲಿಶ್ ಇದ್ದು ಒಳಗೆ ಗರಗಸದಂಗಿದ್ರೆ ಆರೇ ತಿಂಗಳಲ್ಲಿ ತುಕ್ಕು.

ಈಗ ದೊಡ್ಡ ಬೊಗಳೆಗೆ ಬರೋಣ, "ನೀರು ಎಲ್ಲಾ ವಿಷ ಫಿಲ್ಟರ್ ಮಾಡುತ್ತೆ". ನೀರು ಹೊಗೆನ ತಣ್ಣಗೆ ಮಾಡುತ್ತೆ, ಅದಕ್ಕೇ ಗಂಟಲಿಗೆ ಹಿತ, ಅದಕ್ಕೇ ನಾವು ಇನ್ನೂ ಜೋರಾಗಿ ಎಳೀತೀವಿ. ಇದ್ದಿಲಿಂದ ಬರೋ ಕಾರ್ಬನ್ ಮೊನಾಕ್ಸೈಡ್ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು, ಗುಳುಗುಳು ಅಂತ ಪಾಸಾಗಿ ನೇರ ಒಳಗೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಮೇಲೆ ಗಟ್ಟಿಯಾಗಿ ಅಂಟ್ಕೊಳುತ್ತೆ. ಹರ್ಬಲ್ ಆದ್ರೂ ಇದು ತಪ್ಪಲ್ಲ, ಯಾಕಂದ್ರೆ ಮೇಲೆ ಕೂತಿರೋ ಕೆಂಡ ಅದೇ ಕೆಂಡ. ಒಂದು ಗಂಟೆ ಕೂತ್ರೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಹೊಗೆ ಒಳಗೆ ಹೋಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ. ಒಂದು ಡಿಸೆಂಬರಲ್ಲಿ ಚಳಿ ಅಂತ ಕಿಟಕಿ ಹಾಕ್ಕೊಂಡು ಕೂತಿದ್ವಿ, ಎದ್ದ ತಕ್ಷಣ ನಮ್ಮಲ್ಲೊಬ್ಬ ಬಾಗಿಲ ಚೌಕಟ್ಟು ಹಿಡ್ಕೊಂಡು ಹಂಗೇ ಕುಸಿದ. ಅವತ್ತು ಉರೀತಿದ್ದ ಪ್ಯಾಕೆಟ್ ಮೇಲೆ "ಆರೋಗ್ಯಕರ ಆಯ್ಕೆ" ಅಂತಿತ್ತು. ತಲೆನೋವು, ವಾಕರಿಕೆ, ತಲೆಸುತ್ತು ಬಂದ್ರೆ ಅದನ್ನ ಕಿಕ್ಕು ಅಂದ್ಕೊಬೇಡಿ, ಹೊರಗೆ ಗಾಳಿಗೆ ಬನ್ನಿ, ಬಿದ್ರೆ ಸೀದಾ ಆಸ್ಪತ್ರೆ.

ಇದ್ದಿಲಿನ ಬಡಾಯಿನ ಮನೇಲೇ ಪರೀಕ್ಷೆ ಮಾಡ್ಬಹುದು. ತೆಂಗಿನ ಚಿಪ್ಪಿನದು ಅಂತ ಹೇಳಿ ಬೆಂಕಿಕಡ್ಡಿ ಗೀರಿದ್ರೆ ಚಟಚಟ ಕಿಡಿ ಹಾರಿಸ್ಕೊಂಡು ಒಂದೇ ನಿಮಿಷದಲ್ಲಿ ಹತ್ಕೊಂಡ್ರೆ ಅದರಲ್ಲಿ ಬೇಗ ಹೊತ್ಸೋ ಕೆಮಿಕಲ್ ಇದೆ, ಪಟಾಕಿ ವಾಸನೆ ಬರುತ್ತೆ. ಬರೀ ಚಿಪ್ಪಿನದು ಸ್ಟೌ ಮೇಲೆ ಎಂಟ್ಹತ್ತು ನಿಮಿಷ ತಗೊಳ್ಳುತ್ತೆ. ಬೂದಿ ಬಿಳಿಗೆ ಹತ್ರ ಇರ್ಬೇಕು. "ಝೀರೋ ಆಶ್" ಅಂತ ಬರ್ದಿದ್ರೆ ಸುಟ್ಟ ಇದ್ದಿಲಿನ ಬೂದಿ ಎಲ್ಲಾ ಒಂದು ಡಬ್ಬಿಗೆ ಹಾಕಿಟ್ಟು ಕಿಚನ್ ತಕ್ಕಡೀಲಿ ತೂಗಿ, ಒಂದೆರಡು ಕ್ಯೂಬ್ ಇದ್ದಿಲಿನ ಬೂದಿ ತೂಗಿದ್ರೆ ಆ ತಕ್ಕಡಿಗೆ ಏನೂ ಗೊತ್ತಾಗಲ್ಲ, 30 ಆದ್ರೂ ಆಗ್ಲಿ.

ದುಬೈಲಿರೋ ತಮ್ಮ ಮೂರು ವಾರ ಬೂದಿ ಕೂಡಿಟ್ಟ. ಪಾಪ ಕಾಫಿಪುಡಿ ಡಬ್ಬೀಲಿ ಇಟ್ಟಿದ್ದ, ರೂಮ್‌ಮೇಟ್ ಹತ್ರ ಬೈಸ್ಕೊಂಡ. 420 ಗ್ರಾಂ ಇದ್ದಿಲಿಗೆ 13 ಗ್ರಾಂ ಬೂದಿ ಬಂತು, ಅಂದ್ರೆ 3% ಮೇಲೆ ಚೂರು. ನಿಜ ಹೇಳ್ಬೇಕಂದ್ರೆ ಅದು ಒಳ್ಳೇ ಇದ್ದಿಲು, 3% ಅಂತಲೇ ಬರ್ದಿದ್ರೆ ನಾನೇ ತಗೋ ಅಂತಿದ್ದೆ. ಅವ್ನು ಬೂದಿ ಫೋಟೋ ಹಾಕಿ ಕಂಪನಿಗೆ ಮೆಸೇಜ್ ಮಾಡ್ದ, ಅವ್ರು "ಫೀಡ್‌ಬ್ಯಾಕ್‌ಗೆ ಥ್ಯಾಂಕ್ಸ್" ಅಂತ ಹೇಳಿ 10% ಡಿಸ್ಕೌಂಟ್ ಕೂಪನ್ ಕಳ್ಸಿದ್ರು. "ಯಾವುದರಲ್ಲಿ 10%" ಅಂತ ಈಗ ಅವ್ನೇ ಕೇಳ್ತಿದಾನೆ.