ಹಳೆಯ ಫೋಟೊಗೆ ಇಸವಿ ಗೊತ್ತುಮಾಡುವ ಬಗೆ

ಹಳೆಯ ಫೋಟೊ ತೋರಿಸಿ ಆಯಿಯನ್ನೋ ಅಪ್ಪನನ್ನೋ “ಇದು ಯಾವ ಇಸವಿ?” ಎಂದು ಕೇಳಬೇಡಿ, “ಕೊಂಕಣ ರೈಲು ಬರುವ ಮೊದಲೋ, ಆಮೇಲೋ?” ಎಂದು ಕೇಳಿ. ನಮಗೆ ಕಾಲವೆಂದರೆ ಮೊಬೈಲಿನಲ್ಲಿ ಮೂಡುವ ತಾರೀಖು, ಅವರಿಗೆ ಊರಿನಲ್ಲಿ ನಡೆದ ಸಂಗತಿ. ರೈಲುಮಾರ್ಗ ಪೂರ್ತಿ ತೆರೆದದ್ದು 1998ರಲ್ಲಿ. ಅಲ್ಲಿಂದ ಹಿಂದೆ ಮುಂದೆ ಎಣಿಸಿಕೊಳ್ಳಬಹುದು. ಶಿರಸಿಯವರಿಗೆ ಮಾರಿಕಾಂಬಾ ಜಾತ್ರೆ ಇನ್ನೂ ಒಳ್ಳೆಯ ಗುರುತು. ಎರಡು ವರ್ಷಕ್ಕೊಮ್ಮೆ ಬರುವುದರಿಂದ “ಯಾವ ಜಾತ್ರೆಯಲ್ಲಿ ಕೊಂಡ ಸೀರೆ?” ಎಂದರೆ ಸಾಕು, ಸೀರೆಯ ಬೆಲೆ, ಜೊತೆಗಿದ್ದವರು, ತಪ್ಪಿಹೋದ ಕೊನೆಯ ಬಸ್ಸು, ಎಲ್ಲವೂ ಹೊರಬರುತ್ತವೆ. ಆದರೆ ಕಾರವಾರದ ಕಡೆ ನೌಕಾನೆಲೆಗಾಗಿ ಊರು ಬಿಟ್ಟ ಮನೆಗಳಲ್ಲಿ “ಅದಕ್ಕೆ ಮೊದಲೋ?” ಎಂಬ ಮಾತು ನೋವು ಕೆದಕುತ್ತದೆ. ಅಲ್ಲಿ ಫೋಟೊ ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ.