ಮೈಸೂರು ಹೆಬ್ಬಾಳದ ಸಣ್ಣ ಯೂನಿಟ್‌ನಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕ ಬಗೆ

ನಾನು ಓದಿದ್ದು ಮಂಡ್ಯದಲ್ಲಿ, ಎಲೆಕ್ಟ್ರಾನಿಕ್ಸ್. 2020ರಲ್ಲಿ ಸೇರಿದ ನಮಗೆ ವಿಟಿಯು (ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾಲಯ) 2018ರ ಸ್ಕೀಮ್, ಅಂದರೆ ಪಠ್ಯಕ್ರಮ, ಇತ್ತು. ಅದರಲ್ಲಿ ರಜೆಯ ಸಮಯದಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಕಡ್ಡಾಯ. ಕಡ್ಡಾಯ ಅಂದ ಕೂಡಲೇ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ ಅಲ್ವಾ? ಆರನೇ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಪೋಸ್ಟರುಗಳು ಬಂದು ಬೀಳತೊಡಗಿದವು. ಮೂರು ಸಾವಿರ ಕಟ್ಟಿ, ಮನೆಯಲ್ಲೇ ಕೂತು ವಿಡಿಯೊ ನೋಡಿ, ಸರ್ಟಿಫಿಕೇಟ್ ತಗೊಳ್ಳಿ. ರಿಪೋರ್ಟನ್ನೂ ಅವರೇ ಕೊಡುತ್ತಾರಂತೆ. ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಬದಲಿಸಿಕೊಂಡರೆ ಆಯಿತು.

ತಗೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಹಾಸ್ಟೆಲ್ ಫೀಸು, ಊರಿಗೆ ಹೋಗಿ ಬರುವ ಖರ್ಚು ಲೆಕ್ಕ ಹಾಕಿದರೆ ಕೆಲವರಿಗೆ ಅದೇ ಅಗ್ಗ. ಆದರೆ ಕೆಲಸ ಕಲಿಸುತ್ತೇವೆ ಅಂತ ನಮ್ಮಿಂದಲೇ ದುಡ್ಡು ಕೇಳುವವರನ್ನು ನಾನು ಮೊದಲೇ ಪಟ್ಟಿಯಿಂದ ತೆಗೆದುಬಿಟ್ಟೆ. ಸಂಬಳ ಕೊಡದಿದ್ದರೂ ಪರವಾಗಿಲ್ಲ. ಯಂತ್ರ ಓಡುವ ಜಾಗ ಆಗಿರಬೇಕು, ಅಷ್ಟೇ ನನ್ನ ಷರತ್ತು.

ಯಂತ್ರದ ಆಸೆ ಹುಟ್ಟಿದ್ದು ಅದಕ್ಕೂ ಹಿಂದಿನ ವರ್ಷದ ಆಯುಧಪೂಜೆಯಲ್ಲಿ. ನಮ್ಮ ಚಿಕ್ಕಪ್ಪ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಆಪರೇಟರ್. ಬೇರೆ ದಿನ ಗೇಟಿನ ಹತ್ತಿರವೂ ನಿಲ್ಲಿಸಿಕೊಳ್ಳದವರು ಆಯುಧಪೂಜೆ ದಿನ ಮನೆಮಂದಿಯನ್ನೆಲ್ಲ ಒಳಗೆ ಬಿಡುತ್ತಾರೆ. ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ಬಾಗಿಲಲ್ಲಿ ಒಡೆದ ಬೂದುಗುಂಬಳ. ಮಕ್ಕಳ ಕೈಗೆ ಸ್ವೀಟು, ಖಾರ, ಕಡ್ಲೆಪುರಿ. ಅವತ್ತು ಯಾರಿಗೂ ಟಾರ್ಗೆಟ್ ಇಲ್ಲ, ಅವಸರ ಇಲ್ಲ. ಏನು ಕೇಳಿದರೂ ನಿಂತು ಹೇಳುತ್ತಾರೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಸಣ್ಣ ಸಣ್ಣ ಬಿಡಿಭಾಗ ಕೂರಿಸುವ ಲೈನಿನ ಮುಂದೆ ನಾನು ನಿಂತುಬಿಟ್ಟೆ. ಲೈನ್ ಸೂಪರ್‌ವೈಸರ್ ಒಬ್ಬರು ಒಂದೊಂದನ್ನೂ ತೋರಿಸಿ ಹೇಳಿದರು. ಮೊದಲು ಸ್ಟೆನ್ಸಿಲ್ (ತೂತುಗಳಿರುವ ತೆಳು ತಗಡು) ಇಟ್ಟು ಸಾಲ್ಡರ್ ಪೇಸ್ಟ್, ಅಂದರೆ ಭಾಗಗಳನ್ನು ಬೋರ್ಡಿಗೆ ಬೆಸೆಯುವ ಲೋಹದ ಪೇಸ್ಟು, ಬಳಿಯುತ್ತಾರೆ. ಆಮೇಲೆ ಪಿಕ್ ಅಂಡ್ ಪ್ಲೇಸ್ ಯಂತ್ರ ಭಾಗಗಳನ್ನು ಕೂರಿಸುತ್ತದೆ. ಆಮೇಲೆ ಬೋರ್ಡು ಉದ್ದನೆಯ ಓವನ್ ಒಳಗೆ ಹೋಗಿ ಬರುತ್ತದೆ. ಸೀಸವಿಲ್ಲದ ಪೇಸ್ಟು ಕರಗಲು ಸುಮಾರು 217 ಡಿಗ್ರಿ ಬೇಕು, ಹಳೆಯ ಸೀಸದ ಪೇಸ್ಟಿಗಾದರೆ 183 ಸಾಕು ಅಂತ ಕೂಡ ಹೇಳಿದರು. ನಾವು ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ವೈರು ಚುಚ್ಚಿಕೊಂಡು ಕೂತವರು. ಇದು ಬೇರೆ ಲೋಕ.

"ಇಲ್ಲಿ ಇಂಟರ್ನ್‌ಶಿಪ್ ಕೊಡ್ತಾರಾ ಸರ್?" ಅಂದೆ.

"ನಮ್ಮಂಥ ದೊಡ್ಡ ಕಡೆ ಎಲ್ಲಾ ಬೆಂಗಳೂರು ಆಫೀಸಿಂದ ಆಗ್ಬೇಕಮ್ಮ. ಹೆಬ್ಬಾಳದಲ್ಲಿ ಇದೇ ಕೆಲಸ ಮಾಡೋ ಸಣ್ಣ ಯೂನಿಟ್‌ಗಳವೆ, ಅಲ್ಲಿ ಕೇಳು. ಮಾಲೀಕರೇ ಕೂತಿರ್ತಾರೆ."

ಆ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. ಹೆಬ್ಬಾಳ ಅಂದರೆ ನಮ್ಮ ಹುಡುಗರಿಗೆ ಇನ್ಫೋಸಿಸ್ ಗೇಟು ಬಿಟ್ಟು ಬೇರೆ ಕಾಣುವುದೇ ಇಲ್ಲ. ಅದೇ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ಸಾಲಾಗಿ ಶೆಡ್ಡುಗಳಿವೆ. ಹೂಟಗಳ್ಳಿ, ಮೇಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಕಡೆಯೂ ಹಾಗೆಯೇ. ದೊಡ್ಡ ಕಾರ್ಖಾನೆಗಳ ಸುತ್ತ ಅವರಿಗೆ ಮಾಲು ಕೊಡುವ ಸಣ್ಣವರು ಇದ್ದೇ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಇಂಟರ್ನ್ ಬೇಕು ಅಂತ ಎಲ್ಲೂ ಜಾಹೀರಾತು ಹಾಕುವುದಿಲ್ಲ. ನಾನು ಇಂಟರ್ನ್‌ಶಾಲಾ, ಲಿಂಕ್ಡ್‌ಇನ್ ಎರಡರಲ್ಲೂ ಹುಡುಕಿದ್ದೆ. ಮೈಸೂರು ಅಂತ ಹಾಕಿದರೆ ಬರುತ್ತಿದ್ದದ್ದು ಮಾರ್ಕೆಟಿಂಗು, ಕಂಟೆಂಟ್ ಬರೆಯೋದು, ವೆಬ್‌ಸೈಟ್ ಮಾಡೋದು. ಕೋಡಿಂಗ್ ಮಾಡುವವರಿಗೆ ಆ ದಾರಿ ಸರಿ. ಶಾಪ್ ಫ್ಲೋರ್, ಅಂದರೆ ಯಂತ್ರ ಓಡುವ ಜಾಗ, ಬೇಕು ಅನ್ನುವವರು ಬಸ್ ಹತ್ತಲೇಬೇಕು.

ಹತ್ತುವ ಮುಂಚೆ ಪಟ್ಟಿ ಮಾಡಿಕೊಂಡೆ. ಗೂಗಲ್ ಮ್ಯಾಪ್‌ನಲ್ಲಿ ಹೆಬ್ಬಾಳದ ರಸ್ತೆಗಳನ್ನು ದೊಡ್ಡದು ಮಾಡಿ ಒಂದೊಂದೇ ಹೆಸರು ಬರೆದುಕೊಂಡೆ. ವೆಬ್‌ಸೈಟ್ ಇದ್ದರೆ ಏನು ತಯಾರಿಸುತ್ತಾರೆ ಅಂತ ನೋಡಿದೆ. ಆಮೇಲೆ ಫೋನ್. ಹತ್ತಾರು ಕಡೆ ಮಾಡಿರಬಹುದು. ರಿಸೆಪ್ಷನ್‌ನವರ ಹತ್ತಿರ "ಇಂಟರ್ನ್‌ಶಿಪ್ ಇದೆಯಾ" ಅಂದರೆ ಉತ್ತರ ಒಂದೇ, "ಇಲ್ಲಮ್ಮ, ಈಗ ಇಲ್ಲ." ಅದರ ಬದಲು "ಪ್ರೊಡಕ್ಷನ್ ನೋಡಿಕೊಳ್ಳೋರ ಹೆಸರೇನು ಮೇಡಂ, ಅವರಿಗೆ ಒಂದು ಲೆಟರ್ ಕೊಡಬೇಕಿತ್ತು" ಅಂತ ಕೇಳತೊಡಗಿದೆ. ಹೆಸರು ಸಿಗುತ್ತಿತ್ತು. ಹೆಸರು ಸಿಕ್ಕರೆ ಗೇಟಿನಲ್ಲೂ ಕೆಲಸ ಸಲೀಸು. ಸೆಕ್ಯೂರಿಟಿಯವರ ರಿಜಿಸ್ಟರ್‌ನಲ್ಲಿ 'ಯಾರನ್ನು ನೋಡಬೇಕು' ಅನ್ನುವ ಕಾಲಮ್ ಇರುತ್ತದೆ. ಅಲ್ಲಿ ಬರೆಯಲು ಹೆಸರಿಲ್ಲದಿದ್ದರೆ ನೀವು ರಸ್ತೆಯಲ್ಲೇ.

ಹೋಗುವ ದಿನವನ್ನೂ ನೋಡಿಕೊಳ್ಳಬೇಕು. ತಿಂಗಳ ಕೊನೆಯ ವಾರ ಬೇಡವೇ ಬೇಡ. ಡಿಸ್‌ಪ್ಯಾಚ್ ಗಡಿಬಿಡಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಹತ್ತನೇ ತಾರೀಖಿನ ಆಚೀಚೆ, ಊಟದ ಬಿಡುವು ಮುಗಿದ ಮೇಲೆ ಹೋದರೆ ಮಾತಿಗೆ ಸಿಗುತ್ತಾರೆ. ಇದು ಚಿಕ್ಕಪ್ಪ ಹೇಳಿದ್ದು. ಕೈಯಲ್ಲಿ ಒಂದೇ ಪುಟದ ಬಯೋಡೇಟಾ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸಹಿ ಮತ್ತು ಸೀಲು ಇರುವ ಕಾಲೇಜಿನ ಪತ್ರ. ಪತ್ರದಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಸ್ಪಷ್ಟವಾಗಿರಬೇಕು. ಕಂಪನಿ ಹೆಸರಿನ ಜಾಗ ಖಾಲಿ ಬಿಟ್ಟು ಕೆಲವು ಪ್ರತಿ ಮಾಡಿಸಿಕೊಂಡಿದ್ದೆ. ನಮ್ಮ ಆಫೀಸಿನವರು ಮೊದಲು ಒಪ್ಪಲಿಲ್ಲ. ಎಚ್‌ಒಡಿ ಮೇಡಂ "ಕೊಡ್ರೀ ಪಾಪ, ಪ್ರತಿ ಸಲ ಹುಡುಗಿ ಬಂದು ನಿಲ್ಬೇಕಾ" ಅಂದಮೇಲೆ ಕೊಟ್ಟರು.

ಕೊನೆಗೆ ನನ್ನನ್ನು ಒಳಗೆ ಕರೆದದ್ದು ಒಂದೇ ಒಂದು ಲೈನ್ ಇರುವ ಯೂನಿಟ್. ಪ್ರೊಡಕ್ಷನ್ ಎಂಜಿನಿಯರ್ ಬಯೋಡೇಟಾ ನೋಡಲೇ ಇಲ್ಲ.

"ಏನ್ ಕಲೀಬೇಕು ಅಂತ ಬಂದಿದ್ದೀಯಮ್ಮ?"

"ಪೇಸ್ಟ್ ಪ್ರಿಂಟಿಂಗ್‌ನಲ್ಲಿ ಡಿಫೆಕ್ಟ್ ಹೇಗೆ ಬರುತ್ತೆ ನೋಡ್ಬೇಕು ಸರ್. ಲೆಕ್ಕ ಬರೆದಿಡೋ ಕೆಲಸ ಕೊಟ್ಟರೂ ಮಾಡ್ತೀನಿ."

ಅವರು ಆಗ ತಲೆ ಎತ್ತಿ ನೋಡಿದರು. "ಇಂಟರ್ನ್‌ಶಿಪ್ ಕೊಡಿ ಅಂತ ಬರೋರೇ ಜಾಸ್ತಿ. ಏನು ಬೇಕು ಅಂತ ಯಾರೂ ಹೇಳಲ್ಲ." ಮುಂದಿನ ಸೋಮವಾರ ಬಾ ಅಂದರು. ಆಧಾರ್ ನಕಲು, ಫೋಟೊ, ಅಪ್ಪನ ಫೋನ್ ನಂಬರ್ ತಗೊಂಡರು. ಸಂಬಳ ಇಲ್ಲ, ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ.

ಪ್ರೊಡಕ್ಷನ್ ಎಂಜಿನಿಯರ್ ತಲೆನೋವೇ ಬೇರೆ, ನಮ್ಮ ರಿಪೋರ್ಟಿನ ತಲೆನೋವೇ ಬೇರೆ. ಅವರ ತಲೆನೋವಿನಲ್ಲಿ ಒಂದು ಸಣ್ಣ ತುಂಡನ್ನು ನಾವು ಹೊರುತ್ತೇವೆ ಅಂದರೆ ಬಾಗಿಲು ತೆಗೆಯುತ್ತಾರೆ. ನನ್ನ ಪಾಲಿಗೆ ಬಂದ ತುಂಡು ಸಾಲ್ಡರ್ ಪೇಸ್ಟಿನ ಡಬ್ಬಿ. ಪೇಸ್ಟನ್ನು ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆ. ಬಳಸುವ ಕೆಲವು ಗಂಟೆ ಮೊದಲೇ ಹೊರಗಿಟ್ಟು, ಮುಚ್ಚಳ ತೆಗೆಯದೆ, ರೂಮಿನ ಬಿಸಿಗೆ ಬರಲು ಬಿಡಬೇಕು. ತಣ್ಣಗಿರುವಾಗಲೇ ತೆಗೆದರೆ ಗಾಳಿಯ ತೇವ ಪೇಸ್ಟಿನ ಮೇಲೆ ಕೂರುತ್ತದೆ. ಓವನ್ ಒಳಗೆ ಆ ನೀರು ಸಿಡಿದು, ಬೋರ್ಡಿನ ಮೇಲೆ ಸಾಸಿವೆಗಿಂತ ಸಣ್ಣ ಸಾಲ್ಡರ್ ಗುಂಡುಗಳು ಚದುರುತ್ತವೆ. ಬಿಡಿಭಾಗದ ಎರಡು ಕಾಲುಗಳ ನಡುವೆ ಒಂದು ಗುಂಡು ಕೂತರೆ ಶಾರ್ಟ್.

ಡಬ್ಬಿಯ ಮೇಲೆ ಹೊರಗಿಟ್ಟ ಹೊತ್ತು, ತೆರೆದ ಹೊತ್ತು ಬರೆಯಲು ಚೀಟಿ ಇತ್ತು. ಎಷ್ಟೋ ಡಬ್ಬಿಗಳಲ್ಲಿ ಅದು ಖಾಲಿ. ಆಪರೇಟರ್ ಅಣ್ಣಂದಿರನ್ನು ದೂರುವ ಹಾಗಿಲ್ಲ. ಬೆಳಗಿನ ಪಾಳಿ ಶುರುವಾದ ತಕ್ಷಣ ಬೋರ್ಡು ಬರಬೇಕು, ಪೇಸ್ಟನ್ನು ಅಷ್ಟು ಹೊತ್ತಿಗೆ ಮುಂಚೆ ಹೊರಗಿಡಲು ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ. ನಾನು ಮಾಡಿದ್ದು ಇಷ್ಟೆ: ಒಂದು ಪುಸ್ತಕ ಇಟ್ಟೆ, ಪ್ರತಿ ಡಬ್ಬಿಯ ಹೊತ್ತು ಬರೆದೆ, ಆ ಡಬ್ಬಿಯಿಂದ ಆದ ಬೋರ್ಡುಗಳಲ್ಲಿ ಗುಂಡು ಕಂಡದ್ದನ್ನು ಪಕ್ಕದಲ್ಲಿ ಬರೆದೆ. ವಾರದ ರಜೆ ಮುಗಿದ ಮರುದಿನದ ಮೊದಲ ಬೋರ್ಡುಗಳಲ್ಲೇ ಗುಂಡು ಜಾಸ್ತಿ ಅಂತ ಪುಸ್ತಕದಲ್ಲಿ ಎದ್ದು ಕಂಡಿತು. ರಾತ್ರಿ ಕಾವಲಿಗಿದ್ದ ಅಜ್ಜನಿಗೆ ನಸುಕಿನಲ್ಲಿ ಒಂದು ಡಬ್ಬಿ ಹೊರಗಿಡಲು ಹೇಳಿ ಅಂದೆ. ಎಂಜಿನಿಯರ್ ನಕ್ಕರು, ಆದರೆ ಹಾಗೆಯೇ ಮಾಡಿದರು. ನಾನು ಬಿಡುವ ಹೊತ್ತಿಗೆ ಅಜ್ಜ ಚೀಟಿಯ ಮೇಲೆ ಹೊತ್ತನ್ನೂ ಬರೆಯುತ್ತಿದ್ದರು, ಕನ್ನಡ ಅಂಕಿಯಲ್ಲಿ.

ಖರ್ಚಿನ ಮಾತು. ಸಂಬಳವಿಲ್ಲದ ಇಂಟರ್ನ್‌ಶಿಪ್ಪಿನಲ್ಲಿ ದುಡ್ಡು ಕರಗುವುದು ಓಡಾಟಕ್ಕೆ. ನನಗೆ ಶಕ್ತಿ ಯೋಜನೆ ಕೈ ಹಿಡಿಯಿತು. 2023ರ ಜೂನ್ 11ಕ್ಕೆ ಅದು ಶುರುವಾಯಿತು, ನನ್ನ ಇಂಟರ್ನ್‌ಶಿಪ್ ಬಿದ್ದದ್ದು ಅದೇ ವರ್ಷದ ರಜೆಯಲ್ಲಿ. ಮಂಡ್ಯದಲ್ಲಿ ಸಾಮಾನ್ಯ ಬಸ್ ಹತ್ತಿ ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್. ಮೈಸೂರು ಸಿಟಿ ಬಸ್ಸಿನಲ್ಲೂ ಅಷ್ಟೇ. ಸಬರ್ಬನ್ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು, ಹೆಬ್ಬಾಳದ ಬಸ್ ಹಿಡಿಯುವುದರಲ್ಲಿ ಹೊತ್ತು ಹೋಗುತ್ತದೆ. ಊರು ಹೊಕ್ಕುವ ಮುಂಚೆಯೇ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಇಳಿದು, ಆ ಕಡೆ ಹೋಗುವ ಬಸ್ ಸಿಕ್ಕರೆ ಬೇಗ. ಹುಡುಗರಿಗೆ ರೈಲಿನ ಸೀಸನ್ ಟಿಕೆಟ್ ಅಗ್ಗ.

ಬೇರೆ ಓದಿನವರು ನನ್ನ ಹತ್ತಿರ ಕೇಳುತ್ತಿರುತ್ತಾರೆ, ಸ್ನೇಹಿತರಿಂದ ಕಂಡದ್ದನ್ನು ಹೇಳುತ್ತೇನೆ. ಬಿ.ಕಾಂನವರು ಆಡಿಟರ್ ಆಫೀಸಿಗೆ ಹೋಗುವುದಾದರೆ ಜುಲೈ 31ರ ಇನ್‌ಕಮ್ ಟ್ಯಾಕ್ಸ್ ಗಡುವಿಗೆ ಮುಂಚೆ ಕೇಳಿ, ಆಗ ಅವರಿಗೆ ಕೈ ಬೇಕಿರುತ್ತದೆ. ಗಡುವಿನ ವಾರದಲ್ಲೇ ಹೋದರೆ ಕಲಿಸಲು ಪುರುಸೊತ್ತಿರುವುದಿಲ್ಲ. ಮೆಕ್ಯಾನಿಕಲ್ ಹುಡುಗರು ಸಕ್ಕರೆ ಕಾರ್ಖಾನೆಗೆ ಹೋಗುವುದಾದರೆ ಕಬ್ಬು ಅರೆಯುವ ಕಾಲಕ್ಕಿಂತ ಅದು ನಿಂತ ಕಾಲವೇ ಒಳ್ಳೆಯದು ಅಂತ ನನ್ನ ಕ್ಲಾಸ್‌ಮೇಟಿನ ಅಣ್ಣ ಹೇಳುತ್ತಾನೆ. ಆಗ ಗಾಣದ ರೋಲರುಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಾರೆ. ಯಂತ್ರದ ಹೊಟ್ಟೆಯೊಳಗೆ ಏನಿದೆ ಅಂತ ನೋಡಲು ಬೇರೆ ಕಾಲ ಸಿಗುವುದಿಲ್ಲ.

ಸರ್ಟಿಫಿಕೇಟ್ ಬಗ್ಗೆ ಒಂದು ಸಲಹೆ. 'ಯಶಸ್ವಿಯಾಗಿ ಮುಗಿಸಿದ್ದಾರೆ' ಅಂತ ಇದ್ದರೆ ಕಾಲೇಜಿಗೆ ಸಾಕು, ನಿಮಗೆ ಸಾಲದು. ಯಾವ ವಿಭಾಗ, ಏನು ಕೆಲಸ ಅಂತ ಒಂದು ಸಾಲು ಸೇರಿಸಿ ಕೊಡಿ ಸರ್ ಅಂತ ಕೇಳಿ. ಆ ಸಾಲನ್ನು ನೀವೇ ಬರೆದುಕೊಂಡು ಹೋಗಿ, ಅವರಿಗೆ ಯೋಚಿಸಲು ಸಮಯವಿಲ್ಲ. ಮುಂದೆ ನನ್ನ ಇಂಟರ್‌ವ್ಯೂಗಳಲ್ಲಿ ಕೇಳಿದ್ದೆಲ್ಲ ಆ ಪೇಸ್ಟಿನ ಪುಸ್ತಕದ ಬಗ್ಗೆಯೇ. ದಪ್ಪನೆಯ ರಿಪೋರ್ಟನ್ನು ಯಾರೂ ತೆರೆಯಲಿಲ್ಲ.

ಡಿಗ್ರಿ ಮುಗಿಸಿಯೂ ಕೆಲಸ ಸಿಗದವರು ಸುಮ್ನೆ ಇಂಟರ್ನ್‌ಶಿಪ್ ಅಂತ ಅಲೆಯುವುದಕ್ಕಿಂತ ಅಪ್ರೆಂಟಿಸ್‌ಶಿಪ್ ನೋಡುವುದು ಮೇಲು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಅಂತ ಇದೆ. ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ಇಟ್ಟಿದ್ದರು. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವುದರಿಂದ ಸಣ್ಣ ಯೂನಿಟ್‌ನವರಿಗೂ ಇದು ಭಾರವಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ನೀವೇ ಹೇಳಿ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಶುರುವಾಯಿತು. ಆಗಿನ ನಿಯಮದಂತೆ 21ರಿಂದ 24 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಒಂದೇ ಸಲ ಕೊಡುವ 6,000 ಬೇರೆ. ಪೂರ್ಣಾವಧಿ ಓದುತ್ತಿರುವವರಿಗೆ ಅದು ಇರಲಿಲ್ಲ. ಅರ್ಜಿ ಹಾಕುವ ದಿನ ಪೋರ್ಟಲ್ ತೆರೆದು ಈಗಿನ ನಿಯಮ ಓದಿಕೊಳ್ಳಿ.

ಈ ಪೋರ್ಟಲ್‌ಗಳಿಗೆ ಮುಂಚೆ ಒಂದು ಕೆಲಸ ಮುಗಿಸಿಟ್ಟುಕೊಳ್ಳಿ. ನಮ್ಮ ಕಡೆಯವರ ಹೆಸರಿನಲ್ಲಿ ಇನಿಶಿಯಲ್ ರಗಳೆ ಇದ್ದದ್ದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡಕ್ಷರ, ಆಧಾರ್‌ನಲ್ಲಿ ಬರೀ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಮೂರೂ ಒಂದೇ ಥರ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು, ದುಡ್ಡು ಖಾತೆಗೆ ಬರುವುದೂ ತಡವಾಗಬಹುದು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ತಾಪತ್ರಯ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಅದನ್ನೇ ಅಂಕಪಟ್ಟಿಯಂತೆ ಮಾಡಿಸಿಕೊಳ್ಳಿ, ಆಮೇಲೆ ಬ್ಯಾಂಕಿಗೆ ಹೋಗಿ. ಇದನ್ನು ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಮುಂಚೆಯೇ ಮಾಡಿಕೊಂಡರೆ, ರಿಸಲ್ಟ್ ಬಂದ ವಾರವೇ ಅರ್ಜಿ ಹಾಕಬಹುದು.