ಮಳೆಗಾಲದಲ್ಲಿ ಈ ಸಿಆರ್‌ಪಿ ಬರೆಯುವುದಿಲ್ಲ

ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೃದಯದ ಲೆಕ್ಕಕ್ಕೆಂದು ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಪರೀಕ್ಷೆಯನ್ನು ನಾನು ಆದಷ್ಟು ಬರೆಯುವುದಿಲ್ಲ. ಸಿಆರ್‌ಪಿ ಎಂದರೆ ಮೈಯಲ್ಲಿ ಎಲ್ಲೇ ಉರಿಯೂತವಿದ್ದರೂ ರಕ್ತದಲ್ಲಿ ಏರುವ ಒಂದು ಪ್ರೋಟೀನು; ಈ ಪರೀಕ್ಷೆ ಅದರ ತೀರ ಸಣ್ಣ ಪ್ರಮಾಣವನ್ನೂ ಅಳೆಯುತ್ತದೆ. ಡೆಂಗಿ, ಇಲಿಜ್ವರ, ಏನಿಲ್ಲದಿದ್ದರೂ ಮನೆಯಲ್ಲೊಂದು ಶೀತ. ರಕ್ತನಾಳದ ಗೋಡೆಯಲ್ಲಿನ ಸಣ್ಣ ಉರಿಯೂತ ಈ ಹೊಗೆಯಲ್ಲಿ ಕಾಣುವುದೇ ಇಲ್ಲ.

ಜ್ವರ, ಗಾಯ, ಹಲ್ಲು ಕೀಳಿಸಿದ್ದು ಯಾವುದೇ ಇದ್ದರೂ ಮೂರು ವಾರ ಬಿಡುತ್ತೇನೆ. ಎರಡು ವಾರ ಅಂತರದಲ್ಲಿ ಎರಡು ಸಲ ರಕ್ತ ತೆಗೆಸಿ ಸರಾಸರಿ ಹಿಡಿಯುತ್ತೇನೆ; ಉಪವಾಸ ಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. 10 ದಾಟಿದರೆ ಹೃದಯದ ಮಾತು ಬದಿಗಿಟ್ಟು ಸೋಂಕು ಹುಡುಕಬೇಕು. ಎಡವುವುದು ಹೆಚ್ಚಾಗಿ ಅಳತೆಯ ಮಾನದಲ್ಲಿ: ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿನ 0.4 ಎಂದರೆ ಇಲ್ಲಿನ 4. ‘ಸೊನ್ನೆ ಚಿಲ್ಲರೆ’ ಎಂದು ನೆಮ್ಮದಿಯಾಗಿ ಮನೆಗೆ ಹೋದವರು ಕಡಿಮೆಯಲ್ಲ. ಸಾದಾ ಸಿಆರ್‌ಪಿಯೂ ಈ ಕೆಲಸಕ್ಕೆ ಬಾರದು.

ಅಂಕಿ ಹೆಚ್ಚಿದ್ದರೆ ಮೊದಲು ಬಾಯಿ ತೆರೆಸಿ ನೋಡುತ್ತೇನೆ. ಎಲೆ-ಅಡಿಕೆ, ಹೊಗೆಸೊಪ್ಪು ಜಗಿಯುವವರ ವಸಡು ಕೊಳೆತಿದ್ದರೆ ಅದೊಂದೇ ಸಿಆರ್‌ಪಿ ಏರಿಸಬಲ್ಲದು. ಹೊಟ್ಟೆಯ ಬೊಜ್ಜೂ ಹಾಗೆಯೇ.

ಇಷ್ಟೆಲ್ಲ ಏಕೆಂದರೆ, ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ ಗೋಡೆಯೊಳಗೆ ನುಗ್ಗುವುದು ಅರ್ಧ ಕಥೆ. ಅದನ್ನು ನುಂಗಿದ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಕೊಬ್ಬು ತುಂಬಿದ ನೊರೆಕೋಶಗಳಾಗಿ, ಗೋಡೆಯಲ್ಲಿ ಬೆಳೆದ ಕೊಬ್ಬಿನ ಗಡ್ಡೆಯ ಮೇಲಿನ ಪೊರೆಯನ್ನು ಸವೆಸುವ ಕಿಣ್ವ ಬಿಡುತ್ತವೆ. ಪೊರೆ ಒಡೆದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಉರಿಯೂತ ತಗ್ಗಿಸುವ ಕ್ಯಾನಕಿನುಮ್ಯಾಬ್ ಔಷಧ ಕೊಟ್ಟಾಗ ಎಲ್‌ಡಿಎಲ್ ಇಳಿಯಲಿಲ್ಲ, ಆದರೂ ಹೃದಯಾಘಾತ ಕಡಿಮೆಯಾಯಿತು. ಜೊತೆಗೆ ಮಾರಕ ಸೋಂಕು ಹೆಚ್ಚಿತು. ನಮ್ಮ ಕರಾವಳಿಗೆ ಅದು ದುಬಾರಿ ವ್ಯಾಪಾರ.

ಔಷಧದಲ್ಲಿ ಮೊದಲು ಸ್ಟ್ಯಾಟಿನ್. ಅದು ಎಲ್‌ಡಿಎಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ. ಅದರ ಮೇಲೂ ಸಿಆರ್‌ಪಿ 2ಕ್ಕಿಂತ ಕೆಳಗಿಳಿಯದ, ಹೃದಯರೋಗ ಖಚಿತವಿರುವ ಆಯ್ದ ಕೆಲವರಿಗಷ್ಟೇ ದಿನಕ್ಕೆ 0.5 ಮಿಲಿಗ್ರಾಂ ಕಾಲ್ಚಿಸಿನ್, ಉರಿಯೂತ ತಗ್ಗಿಸುವ ಮಾತ್ರೆ. 2019 ಮತ್ತು 2020ರ ಪ್ರಯೋಗಗಳು ಲಾಭ ತೋರಿಸಿದವು; ಹೃದಯಾಘಾತವಾದ ಕೂಡಲೇ ಶುರುಮಾಡಿದ 2024ರ ದೊಡ್ಡ ಪ್ರಯೋಗ ತೋರಿಸಲಿಲ್ಲ. ಹಾಗಾಗಿ ಎಲ್ಲರಿಗೂ ಬರೆಯುವ ಧೈರ್ಯ ನನಗಿಲ್ಲ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡದೆ ಕೊಡುವುದೂ ಇಲ್ಲ. ಭೇದಿ ಶುರುವಾದರೆ ನಿಲ್ಲಿಸಿ ಬರಲು ಹೇಳುತ್ತೇನೆ. ಬೇಲಿಯ ಅಗ್ನಿಶಿಖೆಯ ಗೆಡ್ಡೆಯಲ್ಲಿರುವುದೂ ಇದೇ ಕಾಲ್ಚಿಸಿನ್ ಎಂದು ಕೇಳಿ ಕಷಾಯ ಮಾಡುವ ಯೋಚನೆ ಬಂದರೆ: ಅದು ಕೊಲ್ಲುವ ವಿಷ.

ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇನ್ನೊಂದು ಮಾತು ಬರೆಯುತ್ತೇನೆ: ಕೆಮ್ಮು-ಕಫಕ್ಕೆ ಬೇರೆಡೆ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಈ ಮಾತ್ರೆಯ ವಿಷಯ ತಿಳಿಸಿ. ಎರಡೂ ಸೇರಿದರೆ ಕಾಲ್ಚಿಸಿನ್ ಮೈಯಲ್ಲೇ ಉಳಿದು ವಿಷವಾಗುತ್ತದೆ.